ಮುನ್ನೂರು ಚದರಡಿ, ಮೂವತ್ತು ಬಾಳೆ

ಸಿರಸಿಯಲ್ಲಿ ನನ್ನ ಟೈಲ್ಸ್ ಅಂಗಡಿಗೆ ಬರುವವರೆಲ್ಲ ಒಂದು ಚೀಟಿ ಹಿಡಿದುಕೊಂಡೇ ಬರುತ್ತಾರೆ. ಚೀಟಿಯಲ್ಲಿರುವ ಅಳತೆಯನ್ನು ನಾನು ನಂಬುವುದಿಲ್ಲ. ಒಬ್ಬರು ಗೋಡೆಯ ಹೊರಗಿನಿಂದ ಅಳೆದಿರುತ್ತಾರೆ. ಇನ್ನೊಬ್ಬರು ಮಂಚ ಸರಿಸಲು ಬೇಸರಪಟ್ಟು ಮಂಚದ ತನಕ ಅಳೆದು, ಆಚೆಗಿನದನ್ನು ಅಂದಾಜು ಮಾಡಿರುತ್ತಾರೆ. ಯಲ್ಲಾಪುರದ ಒಬ್ಬ ಮೇಷ್ಟ್ರು ಹೆಂಡತಿಯ ಸೀರೆ ಹಾಸಿ ಅಳೆದು ತಂದಿದ್ದರು. ಆ ಸೀರೆ ಐದೂವರೆ ಮೀಟರೋ ಆರೋ ಎಂದು ಗಂಡಹೆಂಡತಿ ನನ್ನ ಗಲ್ಲೆಯ ಎದುರೇ ಜಗಳವಾಡಿದರು. ಆಮೇಲಿಂದ ನಾನೇ ಹೋಗಿ ಅಳೆಯುತ್ತೇನೆ. ನನ್ನ ಬಳಿ ಲೇಸರ್ ಮೀಟರ್ ಇದೆ. ಗುಂಡಿ ಒತ್ತಿದರೆ ಕೆಂಪು ಚುಕ್ಕಿ ಎದುರು ಗೋಡೆಗೆ ಹೋಗಿ ಕೂತು ಅಡಿ ಇಂಚು ಹೇಳುತ್ತದೆ. ಈ ಊರಿಗೆ ಅದನ್ನು ಮೊದಲು ತಂದವನು ಮಕ್ಬೂಲ್ ಸಾಹೇಬ ಎಂದು ಜನ ಹೇಳುತ್ತಾರೆ. ಹಾಗೆ ಹೇಳಲು ಅವರಿಗೆ ಕಲಿಸಿದವನೂ ನಾನೇ.

ಇಷ್ಟು ಹೇಳಿಕೊಂಡದ್ದು ಮುಂದಿನ ಮಾತಿಗೆ ಧೈರ್ಯ ಬರಲಿ ಎಂದು. ನನ್ನ ಮೂವತ್ತು ವರ್ಷದ ವ್ಯಾಪಾರದಲ್ಲಿ ಒಬ್ಬರೇ ಒಬ್ಬರು ಸರಿಯಾದ ಅಳತೆ ತಂದಿದ್ದರು. ಅವರ ಕೈಯಲ್ಲಿ ಚೀಟಿಯೇ ಇರಲಿಲ್ಲ. ಆ ಅಳತೆಯನ್ನು ತಿದ್ದಿ ಕೆಡಿಸಿದವನು ನಾನು.

ಅವರು ಅಡಿಗೆಯ ವೆಂಕಟ್ರಮಣ ಭಟ್ಟರು. ಹೇರೂರಿನ ದೊಡ್ಡ ಕುಟುಂಬದಲ್ಲಿ ಐವರು ಅಣ್ಣತಮ್ಮಂದಿರಲ್ಲಿ ನಾಲ್ಕನೆಯವರು. ತೋಟ ಪಾಲಾಗುವಾಗ ಇವರ ಪಾಲಿಗೆ ಕುಟುಂಬದ ಹೆಸರು ಬಂತು, ತೋಟ ಬರಲಿಲ್ಲ. ಹದಿನಾಲ್ಕನೇ ವಯಸ್ಸಿಗೆ ಅನಂತಮೂರ್ತಿ ಎಂಬ ಹಿರಿಯ ಅಡಿಗೆಯವರ ತಂಡ ಸೇರಿ ಸೌತೆಕಾಯಿ ಕೊಚ್ಚಲು ಕೂತರು. ಆಮೇಲೆ ತಂಡವೇ ಇವರದಾಯಿತು. ಮತ್ತಿಘಟ್ಟದ ಉಪನಯನ, ಹುಲಗೋಳದ ಮದುವೆ, ಯಲ್ಲಾಪುರದ ವರ್ಷಾಂತಿಕ, ಎಲ್ಲ ಕಡೆ ಇವರದೇ ಕೈ. ತಮ್ಮ ಮದುವೆಯ ದಿನವೂ ಧಾರೆ ಮುಗಿದ ಕೂಡಲೇ ಹುಳಿಗೆ ಉಪ್ಪು ಬಿದ್ದಿದೆಯೋ ಎಂದು ನೋಡಲು ಒಳಗೆ ಹೋದವರು, ಫೋಟೋ ತೆಗೆಯುವ ಹೊತ್ತಿಗೆ ಸಿಗಲೇ ಇಲ್ಲವಂತೆ. ಆಲ್ಬಮ್ಮಿನ ಎರಡು ಪುಟಗಳಲ್ಲಿ ಸುಬ್ಬಲಕ್ಷ್ಮಮ್ಮ ಒಬ್ಬರೇ ನಿಂತಿದ್ದಾರೆ.

ನನ್ನ ಚಿಕ್ಕಪ್ಪನ ಮಗ ಫೈಜಲ್ ತನ್ನ ಪಿಕಪ್ ಗಾಡಿಯಲ್ಲಿ ಭಟ್ಟರ ಪಾತ್ರೆಗಳನ್ನು ಊರೂರಿಗೆ ಸಾಗಿಸುತ್ತಾನೆ. ಒಂದು ಮಧ್ಯಾಹ್ನ ಅವನೇ ಅವರನ್ನು ಅಂಗಡಿಗೆ ಕರೆತಂದ. ಐವತ್ತೆಂಟರ ವಯಸ್ಸು, ಹೆಗಲ ಮೇಲೆ ಟವೆಲು, ಅಡಿಗೆಯವರಿಗೆ ಒಪ್ಪುವ ಹೊಟ್ಟೆ. ಸಿದ್ದಾಪುರ ಪೇಟೆಯ ಅಂಚಿನಲ್ಲಿ ಅವರದೊಂದು ಸಣ್ಣ ಮನೆ. ಅದರ ಪಕ್ಕದ ಖಾಲಿ ಜಾಗದಲ್ಲಿ ಒಂದು ಹಾಲ್ ಕಟ್ಟಿಸುವವರಿದ್ದರು. ಎಷ್ಟು ದೊಡ್ಡದು ಎಂದು ಕೇಳಿದೆ.

“ಮೂವತ್ತು ಬಾಳೆ” ಎಂದರು.

ಇವರ ಕಡೆ ಊಟಕ್ಕೆ ಹಾಕುವ ಎಲೆಗೆ ಬಾಳೆ ಎನ್ನುತ್ತಾರೆ. ಯಾವ ಮನೆಗೆ ಹೋದರೂ ಭಟ್ಟರು ಮೊದಲು ನೋಡುವುದು ಅಲ್ಲಿ ಎಷ್ಟು ಬಾಳೆ ಹಿಡಿಯುತ್ತದೆ ಎಂಬುದನ್ನೇ. ಅವರ ಲೆಕ್ಕದಲ್ಲಿ ಸಿದ್ದಾಪುರದ ಒಬ್ಬ ವಕೀಲರ ಮನೆ ಹದಿನೆಂಟು ಬಾಳೆ, ತಾವಿರುವ ಮನೆ ನಾಲ್ಕು ಬಾಳೆ. ನಾನು ನಕ್ಕು, ನಾವು ಬಾಳೆ ಮಾರುವುದಿಲ್ಲ, ಟೈಲ್ಸ್ ಮಾರುತ್ತೇವೆ, ಚದರಡಿ ಹೇಳಿ ಎಂದೆ. ಅದು ತಮಗೆ ಗೊತ್ತಿಲ್ಲ, ಹತ್ತಡಿ ಅಗಲ ಇಟ್ಟು ಎರಡು ಸಾಲು ಎದುರುಬದುರು ಹಾಕಿ, ಮೂವತ್ತು ಜನ ಆಗುವಷ್ಟು ಉದ್ದ ಎಳೆದರಾಯಿತು ಎಂದರು.

ಮೂವತ್ತೇ ಏಕೆ ಎಂದು ಕೇಳಿದೆ. ತಮ್ಮ ತಂಡದಲ್ಲಿ ತರಕಾರಿ ಹೆಚ್ಚುವವರು, ಬಡಿಸುವವರು, ಪಾತ್ರೆ ತೊಳೆಯುವವರು, ಗಾಡಿಯವನು ಎಲ್ಲ ಸೇರಿ ಮೂವತ್ತು ಜನ ಎಂದರು. ನಲವತ್ತು ವರ್ಷ ಬೇರೆಯವರ ಮನೆಯಲ್ಲಿ ಎಲ್ಲರ ಊಟ ಮುಗಿದ ಮೇಲೆ, ಅವರವರ ಕೆಲಸ ಮುಗಿದ ಹಾಗೆ ಇಬ್ಬರು ಮೂವರು ಒಲೆಯ ಹತ್ತಿರ ಕೂತು ಉಂಡವರು. ಅಷ್ಟೂ ಜನರನ್ನು ಒಂದು ದಿನ ತಮ್ಮ ಮನೆಯಲ್ಲಿ ಕೂರಿಸಿ ಬಡಿಸಬೇಕು ಎಂಬುದು ಅವರ ಆಸೆ. ಎರಡು ಪಂಕ್ತಿ ಮಾಡಿದರೆ ಸಣ್ಣ ಹಾಲ್ ಸಾಲದೇ ಎಂದೆ. ವ್ಯಾಪಾರಿಯಾಗಿ ಕೇಳಬಾರದ ಪ್ರಶ್ನೆ, ಬಾಯಿಂದ ಜಾರಿತು.

“ಎರಡನೇ ಪಂಕ್ತಿ ಅಂದ್ರೆ ಮತ್ತೆ ಯಾರೋ ಕಾಯೂದೇ ಅಲ್ದಾ ಸಾಹೇಬ್ರೆ. ಅವ್ರು ಕಾದದ್ದು ಸಾಕು. ಒಂದೇ ಸಲ ಕೂತು ಒಂದೇ ಸಲ ಏಳಬೇಕು.”

ಸರಿ, ಲೆಕ್ಕ ತೆಗೆಯೋಣ ಎಂದು ನಾನು ತೋಳು ಮಡಿಸಿದೆ. ಅಂಗಡಿಯ ನೆಲ ಎರಡಡಿ ಟೈಲಿನದು. ಫೈಜಲ್‌ನನ್ನು ಚಕ್ಕಳಮಕ್ಕಳ ಕೂರಿಸಿ ಎದುರಿಗೆ ಬಾಳೆಯ ಬದಲು ನ್ಯೂಸ್‌ಪೇಪರ್ ಹಾಸಿದೆ. ಒಬ್ಬ ಮನುಷ್ಯನಿಗೆ ಅಗಲ ಎರಡಡಿ. ಬೆನ್ನಿನಿಂದ ಬಾಳೆಯ ತುದಿಗೆ ಮೂರೂವರೆ ಅಡಿ. ಎರಡು ಸಾಲಿನ ನಡುವೆ ಬಡಿಸುವ ದಾರಿ ಎಷ್ಟು ಎಂದರೆ ಭಟ್ಟರು ಮೂರಡಿ ಎಂದರು. ಬಕೆಟ್ ಹಿಡಿದವನು ಬಗ್ಗಬೇಕು, ಎದುರಿನಿಂದ ಪಾಯಸದವನು ಬಂದರೆ ದಾರಿ ಬಿಡಬೇಕು. ಆ ಮೂರಡಿಯಲ್ಲಿ ಅರ್ಧ ಈ ಸಾಲಿನ ಪಾಲು, ಅರ್ಧ ಆ ಸಾಲಿನದು. ಹಾಗಾಗಿ ಒಬ್ಬನಿಗೆ ಎರಡು ಇಂಟು ಐದು, ಹತ್ತು ಚದರಡಿ. ಮೂವತ್ತು ಜನಕ್ಕೆ ಮುನ್ನೂರು. ಹತ್ತು ಅಗಲ, ಮೂವತ್ತು ಉದ್ದ. ಭಟ್ಟರು ನೆಲದ ಮೇಲಿನ ಫೈಜಲ್‌ನನ್ನೂ ಕ್ಯಾಲ್ಕ್ಯುಲೇಟರನ್ನೂ ನೋಡಿ, ತಾವು ಹೇಳಿದ್ದೂ ಅದೇ ಅಲ್ಲವೇ ಎಂದರು.

ಅಲ್ಲಿಗೆ ನಿಲ್ಲಿಸಿದ್ದರೆ ನಾನು ಈ ಕತೆ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ. ಆದರೆ ನನ್ನ ಗೋಡೌನಿನಲ್ಲಿ ಒಂದು ಕಮಲ ಇತ್ತು. ಒಂಬತ್ತು ಟೈಲು ಸೇರಿಸಿದರೆ ಆರಡಿ ಉದ್ದ ಆರಡಿ ಅಗಲದ ಗುಲಾಬಿ ಕಮಲ. ಹಾಲಿನ ನಡುಮಧ್ಯ ಕೂರಿಸುವಂಥದು. ಗುಜರಾತಿನ ಮೊರ್ಬಿಯ ಟೈಲ್ಸ್ ಏಜೆಂಟ್ ಚಹಾ ಕುಡಿಸಿ ನನ್ನ ತಲೆಗೆ ಕಟ್ಟಿದ್ದ. ನಾಲ್ಕು ವರ್ಷದಿಂದ ಅದನ್ನು ಧೂಳು ಒರೆಸಿ ಒರೆಸಿ ಸಾಕಿದ್ದೆ. ಹತ್ತಡಿ ಅಗಲದ ಹಾಲಿನಲ್ಲಿ ಅದನ್ನು ಕೂರಿಸಿದರೆ ಕೂಸಿನ ಹಣೆ ತುಂಬ ಬೊಟ್ಟಿಟ್ಟ ಹಾಗೆ ಕಾಣುತ್ತಿತ್ತು. ನಾನು ದನಿ ತಗ್ಗಿಸಿ, ಭಟ್ರೆ, ಮೂವತ್ತಡಿ ಉದ್ದ ಹತ್ತಡಿ ಅಗಲ ಅಂದರೆ ರೈಲು ಬೋಗಿ ಆಗುತ್ತದೆ, ಮನೆ ಅನ್ನಿಸುವುದಿಲ್ಲ ಎಂದೆ. ಇಪ್ಪತ್ತು ಉದ್ದ, ಹದಿನೈದು ಅಗಲ ಮಾಡಿ. ಅದೂ ಮುನ್ನೂರೇ. ಗೋಡೆ ಹತ್ತಡಿ ಉಳಿಯುತ್ತದೆ. ನಡುವೆ ಒಂದು ಕಮಲ ಕೂರಿಸೋಣ.

ಅವರು ಟವೆಲನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡರು. “ಆದ್ರೂ ಬಾಳೆ ಉದ್ದಕ್ಕೆ ಹೋಗ್ತದೆ, ಅಗಲಕ್ಕೆ ಹೋಗೂದಿಲ್ಲ ಸಾಹೇಬ್ರೆ.”

ನಾನು ಕ್ಯಾಲ್ಕ್ಯುಲೇಟರ್ ಒತ್ತಿ ತೋರಿಸಿದೆ. ಇಪ್ಪತ್ತು ಇಂಟು ಹದಿನೈದು, ಮುನ್ನೂರು. ಹತ್ತು ಇಂಟು ಮೂವತ್ತು, ಮುನ್ನೂರು. ಮಷೀನು ಸುಳ್ಳು ಹೇಳುತ್ತದೆಯೇ? ಏಳನೇ ಇಯತ್ತೆಗೆ ಶಾಲೆ ಬಿಟ್ಟ ಭಟ್ಟರಿಗೆ ಬರೆದ ಲೆಕ್ಕದ ಮುಂದೆ ಮಾತಾಡುವ ಅಭ್ಯಾಸವಿರಲಿಲ್ಲ. ಐನೂರು ಜನಕ್ಕೆ ಎಷ್ಟು ಸೇರು ಬೇಳೆ ಎಂದು ಕಣ್ಣು ಮುಚ್ಚಿ ಹೇಳುವವರು, ನನ್ನ ಎರಡು ಗುಣಾಕಾರಕ್ಕೆ ಸೋತು, ನಿಮಗೆ ಗೊತ್ತಿರುತ್ತದೆ ಬಿಡಿ ಎಂದರು. ನನಗೂ ಹಾಗೇ ಅನಿಸಿತ್ತು. ವೇಸ್ಟೇಜ್ ಎಂದು ಹತ್ತು ಪರ್ಸೆಂಟ್ ಟೈಲನ್ನೂ ಸೇರಿಸಿ ಕಳಿಸಿದೆ.

ಹಾಲ್ ಎದ್ದಿತು. ಹದಿನೈದಡಿಯ ಒಂದು ಗೋಡೆಯ ಎಡಗಡೆಗೆ ಅಡಿಗೆಮನೆಗೆ ಹೋಗುವ ಬಾಗಿಲು, ಅದರ ಎದುರಿನ ಗೋಡೆಯ ಬಲಗಡೆಗೆ ಬೀದಿ ಬಾಗಿಲು. ಕಮಲ ನಡುಮಧ್ಯ ಕೂತಿತು. ಖಾಲಿ ಹಾಲ್ ಯಾವಾಗಲೂ ದೊಡ್ಡದಾಗಿಯೇ ಕಾಣುತ್ತದೆ. ನೋಡಲು ಬಂದವರೆಲ್ಲ ರಾಶಿ ಚಂದ ಆಯ್ತು ಎಂದರು. ನಾನು ನಾಲ್ಕು ಕೋನದಿಂದ ಕಮಲದ ಫೋಟೋ ತೆಗೆದು ಅಂಗಡಿಯ ಗ್ರೂಪಿಗೆ ಹಾಕಿಕೊಂಡೆ. ಹೊಸ ಹಾಲಿನ ಪೂಜೆ ಕಾರ್ತಿಕದಲ್ಲೇ ನಾಲ್ಕು ಜನರ ಮಟ್ಟಿಗೆ ಮುಗಿಯಿತು. ತಂಡದ ಊಟಕ್ಕೆ ಭಟ್ಟರು ಧನುರ್ಮಾಸ ಕಾದರು. ಆಗ ಮದುವೆಗಳಿರುವುದಿಲ್ಲ, ಮೂವತ್ತೂ ಜನರಿಗೆ ಬಿಡುವು. ನನಗೂ ಕರೆ ಬಂತು. ಹಾಲ್ ಮಾಡಿಕೊಟ್ಟವರು, ಬಂದು ನೋಡಿ, ಆಮೇಲೆ ನಮ್ಮ ಜೊತೆ ಊಟ ಮಾಡಿ ಎಂದಿದ್ದರು.

ಆ ದಿನ ಬೆಳಿಗ್ಗೆ ಎಂಟಕ್ಕೆ ಭಟ್ಟರ ಫೋನು. ನಿಮ್ಮ ಮಷೀನು ತಗೊಂಡು ಸ್ವಲ್ಪ ಬೇಗ ಬನ್ನಿ ಎಂದರು. ಕಮಲದ ಉದ್ದಗಲ ನೆಂಟರಿಗೆ ಹೇಳಬೇಕಿರಬಹುದು ಎಂದುಕೊಂಡು ಹೊಸ ಅಂಗಿ ಹಾಕಿಕೊಂಡು ಹೋದೆ.

ಹೋಗಿ ನೋಡಿದರೆ ಭಟ್ಟರು ಬಾಳೆ ಹಾಕಿ ಮುಗಿಸಿ ಗೋಡೆಗೆ ಒರಗಿ ನಿಂತಿದ್ದರು. ಎಡಗೋಡೆಗೆ ಒಂದು ಸಾಲು, ಹತ್ತು ಬಾಳೆ. ಬಲಗೋಡೆಗೆ ಒಂದು ಸಾಲು, ಹತ್ತು ಬಾಳೆ. ಇಪ್ಪತ್ತಡಿ ಉದ್ದದಲ್ಲಿ ಹನ್ನೊಂದನೆಯದು ಹಿಡಿಯುವುದಿಲ್ಲ. ನಡುವೆ ಅಷ್ಟಗಲ ಜಾಗ ಖಾಲಿ ಬಿದ್ದಿತ್ತು, ಅದರ ಮೇಲೆ ನನ್ನ ಕಮಲ ಹಲ್ಲು ಕಿರಿಯುತ್ತಿತ್ತು. ಮಿಕ್ಕ ಹತ್ತು ಬಾಳೆ ಭಟ್ಟರ ಕೈಯಲ್ಲೇ ಇದ್ದವು.

ನಾನು ಗುಂಡಿ ಒತ್ತಿದೆ. ಇಪ್ಪತ್ತು. ಆ ಕಡೆ ಒತ್ತಿದೆ. ಹದಿನೈದು. ಮೂರು ಸಲ ಅಳೆದೆ, ಮೂರು ಸಲವೂ ಮುನ್ನೂರು. ಒಂದು ಇಂಚೂ ಎಲ್ಲೂ ಹೋಗಿರಲಿಲ್ಲ. ಹತ್ತು ಜನ ಮಾತ್ರ ಹೋಗಿದ್ದರು.

“ಮಷೀನು ಎಂತ ಹೇಳ್ತು?” ಎಂದು ಭಟ್ಟರು ಮೆತ್ತಗೆ ಕೇಳಿದರು. ಅವರು ಬೈದಿದ್ದರೆ ನನಗೆ ಸುಲಭವಿತ್ತು.

ಮೂವತ್ತು ವರ್ಷ ಗಿರಾಕಿಗಳನ್ನು ಮಾತಿನಲ್ಲಿ ಸುಧಾರಿಸಿದವನು ನಾನು. ಒಂದೊಂದೇ ಉಪಾಯ ತೆಗೆದೆ. ಸಿದ್ದಾಪುರದಲ್ಲೇ ಟೇಬಲ್ ಕುರ್ಚಿ ಸಿಗುತ್ತದೆ, ಬಫೆ ಮಾಡಿಬಿಡೋಣ ಎಂದೆ. ಬಫೆ ಎಂಬ ಶಬ್ದ ಕೇಳಿ ಭಟ್ಟರು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದು ಬೇಡ. ಹತ್ತು ಜನರನ್ನು ಹೊರಗೆ ಅಂಗಳದಲ್ಲಿ ಕೂರಿಸಿದರೆ ಎಂದೆ. ಯಾವ ಹತ್ತು ಜನ ಅಂತ ನೀವೇ ಹೇಳಿ ಎಂದರು. ಅಷ್ಟರಲ್ಲಿ ತಂಡದವರು ಒಬ್ಬೊಬ್ಬರೇ ಬರತೊಡಗಿದ್ದರು. ಒಳ್ಳೆಯ ಬಟ್ಟೆ ಹಾಕಿಕೊಂಡು, ಕೈಗೆ ಕೆಲಸವಿಲ್ಲದೆ, ಬೇರೆ ಯಾರದೋ ಮದುವೆಗೆ ಬಂದವರ ಹಾಗೆ ನಿಂತಿದ್ದರು. ಅವರಲ್ಲಿ ಹೊರಗೆ ಕೂರುವ ಹತ್ತು ಮಂದಿಯನ್ನು ಆರಿಸುವ ಮಷೀನು ನನ್ನಲ್ಲಿರಲಿಲ್ಲ.

ದಾರಿ ತೋರಿಸಿದವರು ಸಾವಿತ್ರವ್ವ. ಹಾನಗಲ್ ಕಡೆಯವರು, ಇಪ್ಪತ್ತು ವರ್ಷದಿಂದ ಭಟ್ಟರ ಹಂಡೆ ಕೊಪ್ಪರಿಗೆ ತಿಕ್ಕುವವರು. ಗೋಡೆಯ ಹತ್ತಿರ ನಿಂತು ನಮ್ಮ ಪಂಚಾಯಿತಿ ಕೇಳುತ್ತಿದ್ದರು. ನಡುವೆ ಇನ್ನೊಂದು ಸಾಲು ಯಾಕೆ ಹಾಕಬಾರದು ಎಂದರು. ಭಟ್ಟರು ಬಗ್ಗಿ, ಎಡಗಡೆಯ ಬಾಳೆಗಳಿಂದ ಮೂರಡಿ ದಾರಿ ಬಿಟ್ಟು, ಕಮಲದ ಮೇಲೆ ಮೂರನೇ ಸಾಲು ಹಾಕಿದರು. ಹತ್ತು ಬಾಳೆ ಕೂತವು. ಅಡಿಗೆಮನೆಯ ಬಾಗಿಲು ಆ ದಾರಿಗೇ ತೆರೆಯುತ್ತಿತ್ತು. ಅಲ್ಲಿಂದ ಎರಡು ಸಾಲಿಗೆ ಬಡಿಸಬಹುದು. ಆದರೆ ನಡುಸಾಲಿನವರ ಬೆನ್ನಿಗೂ ಬಲಗಡೆಯ ಸಾಲಿನ ಬಾಳೆಗೂ ಮಧ್ಯೆ ಉಳಿದದ್ದು ಒಂದು ಸಂದಿ. ಅದರ ಒಂದು ತುದಿಯಲ್ಲಿ ಬೀದಿ ಬಾಗಿಲು, ಇನ್ನೊಂದು ತುದಿಯಲ್ಲಿ ಗೋಡೆ. ಅಳೆದೆ. ಒಂದೂವರೆ ಅಡಿ.

ಭಟ್ಟರು ಬೀದಿ ಬಾಗಿಲಿನಿಂದ ಆ ಸಂದಿಗೆ ಇಳಿಯಲು ನೋಡಿದರು. ಅಡ್ಡ ತಿರುಗಿದರು, ಉಸಿರು ಎಳೆದುಕೊಂಡರು. ಎರಡು ಹೆಜ್ಜೆಗೇ ಬಾಳೆಯೊಂದು ಕಾಲಿಗೆ ಸಿಕ್ಕಿ ಮಡಚಿತು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ತಮ್ಮ ಮನೆಮಾತಿನಲ್ಲಿ ಹೇಳಿದರು: “ಹೊಟ್ಟೆ ಹಿಡೀತಿಲ್ಲೆ. ಆನು ಎಂತ ಮಾಡ್ಲಿ ಈಗ?”

ಸುಬ್ಬಲಕ್ಷ್ಮಮ್ಮ, ಮಂಡಿ ನೋವಿನವರು, ಒಲೆ ಬಿಟ್ಟು ಕದಲುವಂತಿರಲಿಲ್ಲ. “ಹೊಟ್ಟೆ ಕಟ್ಸುವಾಗ ಯನ್ನ ಕೇಳಿದ್ರಾ?” ಎಂದರು.

ಬೇರೆ ಯಾರಾದರೂ ತೆಳ್ಳಗಿನವರು ಬಡಿಸಿದರಾಗದೇ ಎಂದು ನಾನು ಸುತ್ತ ನೋಡಿದೆ. ಆಗ ಹೊಳೆಯಿತು. ಮೂರು ತಾಲೂಕಿನಲ್ಲಿ ಬಡಿಸಲು ಬರುವವರೆಲ್ಲ ಅವತ್ತು ಅಲ್ಲಿಯೇ ಇದ್ದರು, ಉಣ್ಣಲು. ಒಬ್ಬನನ್ನು ಎಬ್ಬಿಸಿದರೂ ಮೂವತ್ತು ಇಪ್ಪತ್ತೊಂಬತ್ತಾಗುತ್ತದೆ. ಫೈಜಲ್ ಕಣ್ಣು ತಪ್ಪಿಸಿ ಹೋಗಿ ನಡುಸಾಲಿನಲ್ಲಿ ಕೂತುಬಿಟ್ಟ.

ಸಾವಿತ್ರವ್ವ ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದರು. ನನ್ನ ತೂಕ ಐವತ್ತೊಂದು ಕೆ.ಜಿ. ಇದ್ದ ಒಂದು ಕೊರತೆಯನ್ನು ಇಷ್ಟು ವರ್ಷ ಸಡಿಲ ಅಂಗಿಯಲ್ಲಿ ಮುಚ್ಚಿಟ್ಟಿದ್ದೆ.

“ಸಾಹೇಬ್ರು ಹಿಡೀತಾರಲ್ರಿ” ಎಂದರು.

ಭಟ್ಟರ ಮುಖದಲ್ಲಿ ಆ ಬೆಳಿಗ್ಗೆ ಮೊದಲ ಸಲ ನಗು ಬಂತು. “ಹೌದು ಮಾರಾಯ್ರೆ. ನೀವು ಕಮ್ಮಿ ಮಾಡಿದ ಜಾಗ, ನೀವೇ ಓಡಾಡಿ.”

ಹೀಗೆ ನನ್ನ ಹೊಸ ಅಂಗಿಯ ತೋಳು ಮಡಚಿತು. ಮೂವತ್ತೂ ಜನ ಕೂತರು. ಎಡಗಡೆಯ ದಾರಿಯಲ್ಲಿ ಭಟ್ಟರು, ಇಪ್ಪತ್ತು ಬಾಳೆ. ಬಲಗಡೆಯ ಸಂದಿಯಲ್ಲಿ ನಾನು, ಹತ್ತು ಬಾಳೆ. ಒಳಗಿನಿಂದ ನನಗೆ ದಾರಿಯಿರಲಿಲ್ಲ. ಸುಬ್ಬಲಕ್ಷ್ಮಮ್ಮ ಹಿತ್ತಲ ಬಾಗಿಲಲ್ಲಿ ಪಾತ್ರೆ ಕೊಡಬೇಕು, ನಾನು ಮನೆ ಸುತ್ತಿ ಬಂದು ಬೀದಿ ಬಾಗಿಲಿನಿಂದ ಸಂದಿಗೆ ಇಳಿಯಬೇಕು. ಏಡಿಯ ಹಾಗೆ ಅಡ್ಡಡ್ಡ ನಡೆದು ಹತ್ತನೇ ಬಾಳೆ ತಲುಪಬೇಕು. ಅಲ್ಲಿ ಗೋಡೆ, ತಿರುಗಲು ಜಾಗವಿಲ್ಲ. ಹಾಗೇ ಅಡ್ಡಡ್ಡ ವಾಪಸು ಬರಬೇಕು.

ನನ್ನ ಸಾಲಿನ ಮೊದಲನೇ ಬಾಳೆಗೆ ಅನಂತಮೂರ್ತಿಗಳು ಕೂತಿದ್ದರು. ಭಟ್ಟರಿಗೆ ಸೌಟು ಹಿಡಿಯಲು ಕಲಿಸಿದ ಅದೇ ಹಿರಿಯರು, ಈಗಲೂ ತಂಡದ ಜೊತೆ ಕೂತು ತರಕಾರಿ ಹೆಚ್ಚುವವರು, ಎಂಬತ್ತರ ಹತ್ತಿರ, ಮಡಿಗೆ ಹೆಸರಾದವರು. ಉಪ್ಪಿನ ಬಟ್ಟಲು ಹಿಡಿದು ಅವರೆದುರು ನಿಂತಾಗ ನನಗೆ ಕೈ ಮುಂದೆ ಬರಲಿಲ್ಲ. ಇವರಿಗೆ ಮಾತ್ರ ಭಟ್ಟರೇ ಆಚೆಯಿಂದ ಹೇಗಾದರೂ ಬಡಿಸಲಿ ಎಂದು ಆ ಕಡೆ ನೋಡಿದೆ. ಭಟ್ಟರೂ ಬಗ್ಗಿದಲ್ಲೇ ನಿಂತು ಈ ಕಡೆ ನೋಡುತ್ತಿದ್ದರು. ಇವರೊಬ್ಬರು ಎದ್ದರೆ ಇಡೀ ಹಾಲ್ ಕಟ್ಟಿಸಿದ್ದು ದಂಡ. ಅನಂತಮೂರ್ತಿಗಳು ಬಟ್ಟಲು ನೋಡಿದರು, ನನ್ನನ್ನು ನೋಡಿದರು, ನಡುಸಾಲಿನಾಚೆ ನಿಂತಿದ್ದ ಶಿಷ್ಯನನ್ನೂ ನೋಡಿದರು. ನಾನು ಗಾಬರಿಯಲ್ಲಿ ಉಪ್ಪನ್ನು ಬಾಳೆಯ ನಟ್ಟನಡುವೆ ಹಾಕಿಬಿಟ್ಟೆ.

“ಉಪ್ಪು ತುದಿಗೆ, ಸಾಹೇಬ್ರೆ. ನಿಮ್ಮ ಕಮಲದ ಹಾಂಗೆ ನಡುಮಧ್ಯ ಅಲ್ಲ” ಎಂದು ತಾವೇ ಬೆರಳಲ್ಲಿ ಅದನ್ನು ಮೂಲೆಗೆ ಸರಿಸಿಕೊಂಡರು.

ಹಾಲಿಗೆ ಹಾಲೇ ನಕ್ಕಿತು. ಆಚೆ ಭಟ್ಟರು ಬಡಿಸಲು ಶುರುಮಾಡಿದರು.

ಆಮೇಲಿನದು ನನ್ನ ಪಾಲಿಗೆ ಶಿಕ್ಷೆಯೇ. ಕೋಸಂಬರಿಗೆ ಒಂದು ಸುತ್ತು, ಪಲ್ಯಕ್ಕೆ ಒಂದು, ಅನ್ನಕ್ಕೆ ಒಂದು, ತೊವ್ವೆಗೆ ಒಂದು. ಅಳತೆಗಾರನ ಬುದ್ಧಿ ಸುಮ್ಮನಿರುವುದಿಲ್ಲ. ಹಿತ್ತಲಿಂದ ಬೀದಿ ಬಾಗಿಲಿಗೆ ಐವತ್ತೆರಡು ಹೆಜ್ಜೆ ಎಂದು ಎರಡನೇ ಸುತ್ತಿಗೇ ಎಣಿಸಿದ್ದೆ. ನಾನು ಹುಳಿ ತರುವಷ್ಟರಲ್ಲಿ ಭಟ್ಟರ ಇಪ್ಪತ್ತು ಜನ ಹುಳಿ ಉಂಡು ಪಾಯಸಕ್ಕೆ ಕಾಯುತ್ತಿದ್ದರು. ನನ್ನ ಸಾಲಿನವರೆಲ್ಲ ಕಸುಬುದಾರರು, ಸುಮ್ಮನೆ ಉಣ್ಣುವವರಲ್ಲ. ಸೌಟು ಪೂರ್ತಿ ತುಂಬಬೇಡಿ ಎಂದು ಒಬ್ಬ, ಬಕೆಟ್ ಎಡಗೈಗೆ ತಗೊಳ್ಳಿ ಎಂದು ಇನ್ನೊಬ್ಬ. ನಡುಸಾಲಿನಲ್ಲಿ ನನಗೆ ಬೆನ್ನು ಹಾಕಿ ಕೂತಿದ್ದ ಸಾವಿತ್ರವ್ವ ತಿರುಗದೇ ಹೇಳಿದರು: “ಸಾಹೇಬ್ರ, ಹುಳಿ ಎಲಿಗೆ ಹಾಕ್ರಿ, ನನ್ನ ಬೆನ್ನಿಗಲ್ಲ.” ಫೈಜಲ್‌ನ ಬೆನ್ನು ದಾಟುವಾಗ ನಾನು ಬಕೆಟನ್ನು ಸ್ವಲ್ಪ ತಗಲಿಸಿಕೊಂಡೇ ಹೋದೆ. ಅದು ಕೈತಪ್ಪಿ ಆದದ್ದಲ್ಲ.

ಕಮಲದ ಮೇಲೆ ಮೂರು ಜನ ಕೂತಿದ್ದರು. ಒಂದು ಎಸಳೂ ಕಾಣುತ್ತಿರಲಿಲ್ಲ.

ಮಜ್ಜಿಗೆ ಮುಗಿಯಿತು. ಬೇಗ ಉಂಡವರು ಅಭ್ಯಾಸದ ಮೇಲೆ ಎಲೆ ಮಡಚಿ ಏಳಲು ನೋಡಿದರು. ಪಾತ್ರೆ ಕಾಯುತ್ತಿರುತ್ತದೆಂಬ ಭಾವ. ಭಟ್ಟರು ಕೈಸನ್ನೆ ಮಾಡಿ ಕೂರಿಸಿದರು. ನನ್ನ ಸಾಲಿನ ಹತ್ತನೆಯವನು ನಿಧಾನಕ್ಕೆ ಮಜ್ಜಿಗೆ ಅನ್ನ ಉಂಡು ಮುಗಿಸುವ ತನಕ ಉಳಿದವರೆಲ್ಲ ಎಂಜಲು ಕೈಯಲ್ಲಿ ಕೂತರು. ಆಮೇಲೆ ಅನಂತಮೂರ್ತಿಗಳು ಗೋಡೆಗೆ ಕೈಕೊಟ್ಟು ಎದ್ದರು, ಅವರ ಹಿಂದೆ ಎಲ್ಲರೂ ಒಟ್ಟಿಗೆ. ಮೂವತ್ತು ಜನ ಒಮ್ಮೆಲೇ ಎದ್ದಾಗ ಆ ಹಾಲ್ ಎಷ್ಟು ಸಣ್ಣದೆಂದು ಸರಿಯಾಗಿ ತಿಳಿಯಿತು. ಭಟ್ಟರು ಖಾಲಿ ಬಕೆಟ್ ಕೆಳಗಿಟ್ಟು, ಟವೆಲಿನಲ್ಲಿ ಮುಖ ಒರೆಸಿಕೊಂಡರು. ಒರೆಸಲು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಒರೆಸಿದರು.

ಅವರೆಲ್ಲ ಅಂಗಳದಲ್ಲಿ ಎಲೆ ಅಡಿಕೆಯ ಕವಳ ಹಾಕುತ್ತಾ ಕೂತಾಗ ಹಾಲಿನಲ್ಲಿ ಮೂರು ಬಾಳೆ ಬಿದ್ದವು: ಭಟ್ಟರಿಗೆ, ಸುಬ್ಬಲಕ್ಷ್ಮಮ್ಮನಿಗೆ, ನನಗೆ. ಪಾಯಸ ಮುಗಿದಿತ್ತು. ಪಲ್ಯ ಪಾತ್ರೆಯ ತಳ ಹಿಡಿದದ್ದಿತ್ತು. ಸಾರು ತಣ್ಣಗಾಗಿತ್ತು.

“ಅಡಿಗೆಯವ್ರ ಪಂಕ್ತಿ ಹೀಂಗೇ ಸಾಹೇಬ್ರೆ” ಎಂದರು ಭಟ್ಟರು.

ನನಗೆ ಮಾತ್ರ ಆ ಹೊತ್ತಿಗೆ ಹೊಟ್ಟೆ ಹಸಿದು ಕಣ್ಣಿಗೆ ಕತ್ತಲೆ ಬರುತ್ತಿತ್ತು. ಇನ್ನೊಂದಿಷ್ಟು ಅನ್ನ ಬೇಕೆನಿಸಿ ಸುತ್ತ ನೋಡಿದೆ. ಬಡಿಸಲು ಯಾರೂ ಉಳಿದಿರಲಿಲ್ಲ. ತಂದುಕೊಳ್ಳುತ್ತೇನೆ ಎಂದು ಎದ್ದೆ. ಅಡಿಗೆಮನೆಯ ಬಾಗಿಲು ಎದುರಿಗೇ ಹಾರುಹೊಡೆದಿತ್ತು, ನಡುವಿನ ದಾರಿ ಪೂರ್ತಿ ಖಾಲಿಯಿತ್ತು. ನಾನು ಮಾತ್ರ ಗೋಡೆ ಬದಿಯಲ್ಲಿ ಅಡ್ಡಡ್ಡ ಸರಿದು, ಬೀದಿ ಬಾಗಿಲಿನಿಂದ ಹೊರಬಿದ್ದು, ಐವತ್ತೆರಡು ಹೆಜ್ಜೆ ಮನೆ ಸುತ್ತಿ, ಹಿತ್ತಲ ಬಾಗಿಲಿಗೆ ಹೋಗಿ ನಿಂತೆ.